ಸ್ಕಿಪ್ ಆದ ಟೆಸ್ಟ್ ಐದು ವಾರ ಪಾಸ್ ಅಂತ ತೋರಿಸಿತು: ಕರ್ನಲ್ ಟೆಸ್ಟ್ ಸ್ಕ್ರಿಪ್ಟ್‌ಗಳಲ್ಲಿ ಸ್ಕಿಪ್ ಸರಿಯಾಗಿ ಬರೆಯೋದು ಹೇಗೆ?

ತುಂಗಾತೀರ · ಸೋಮವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ಎಂಬೆಡೆಡ್ ಬೋರ್ಡ್‌ಗಳಿಗೆ (ಸಾಧನಗಳ ಒಳಗಿನ ಚಿಕ್ಕ ಕಂಪ್ಯೂಟರ್‌ಗಳಿಗೆ) ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಕೂರಿಸುವ ಕೆಲಸ ನನ್ನದು. ಪ್ರತಿ ರಾತ್ರಿ ಹೊಸ ಕರ್ನಲ್ ಬಿಲ್ಡ್ ಆಗುತ್ತದೆ, ಬೋರ್ಡ್‌ಗೆ ಹೋಗುತ್ತದೆ, ಟೆಸ್ಟ್‌ಗಳು ಓಡುತ್ತವೆ. ಬೆಳಿಗ್ಗೆ ಬಂದು ನೋಡಿದಾಗ ಎಲ್ಲ ಹಸಿರಾಗಿದ್ದರೆ ಸಮಾಧಾನ.

ಹೋದ ವಾರ ಒಂದು ಬೋರ್ಡ್ ಸಸ್ಪೆಂಡ್‌ಗೆ ಹೋಗಿದ್ದು ಮತ್ತೆ ಏಳಲೇ ಇಲ್ಲ. ಎಷ್ಟು ಸಲ ಮಾಡಿದರೂ ಅದೇ. ಸಸ್ಪೆಂಡ್ ಆಗುವಾಗ ಬೂಟ್ ಸಿಪಿಯು ಒಂದನ್ನು ಬಿಟ್ಟು ಉಳಿದವನ್ನೆಲ್ಲ ಕರ್ನಲ್ ಆಫ್‌ಲೈನ್ ಮಾಡುತ್ತದೆ. ಎದ್ದ ಮೇಲೆ ಒಂದೊಂದಾಗಿ ವಾಪಸ್ ತರುತ್ತದೆ. ಹಾಗಾಗಿ ನನಗೆ ಮೊದಲು ಅನುಮಾನ ಬಂದದ್ದು ಸಿಪಿಯು ಹಾಟ್‌ಪ್ಲಗ್ ಮೇಲೆ, ಅಂದರೆ ಸಿಸ್ಟಮ್ ಓಡುತ್ತಿರುವಾಗಲೇ ಸಿಪಿಯುಗಳನ್ನು ಆಫ್‌ಲೈನ್, ಆನ್‌ಲೈನ್ ಮಾಡುವ ಭಾಗದ ಮೇಲೆ. ಆದರೆ ಹಾಟ್‌ಪ್ಲಗ್ ಟೆಸ್ಟ್ ಐದು ವಾರದಿಂದ ಒಂದು ದಿನವೂ ತಪ್ಪದೆ ಪಾಸ್ ಆಗಿತ್ತು. ಅದನ್ನು ನಂಬಿ ಎರಡು ದಿನ ಬೇರೆ ಕಡೆ ಹುಡುಕಿದೆ. ಕ್ಲಾಕ್ ನೋಡಿದೆ, ಪವರ್ ಡ್ರೈವರ್ ನೋಡಿದೆ, ಏನೂ ಸಿಗಲಿಲ್ಲ.

ಕೊನೆಗೆ ಆ ಟೆಸ್ಟ್‌ನ ಪೂರ್ತಿ ಲಾಗ್ ಬಿಚ್ಚಿದೆ. ಅದರಲ್ಲಿದ್ದದ್ದು ಎರಡೇ ಸಾಲು. ಮೇಲಿನ ಸಾಲು: ಇದನ್ನು ರೂಟ್ (ಎಲ್ಲ ಅನುಮತಿ ಇರುವ ಯೂಸರ್) ಆಗಿ ಓಡಿಸಬೇಕು, ಅದಕ್ಕೆ ಎಲ್ಲ ಟೆಸ್ಟ್ ಬಿಟ್ಟಿದ್ದೇನೆ. ಕೆಳಗಿನ ಸಾಲು: ಓಕೆ.

ಐದು ವಾರದ ಹಿಂದೆ ನಮ್ಮ ಟೆಸ್ಟ್ ಸರ್ವರ್‌ನಲ್ಲಿ ರೂಟ್ ತೆಗೆದು ಸಾಮಾನ್ಯ ಯೂಸರ್ ಹಾಕಿದ್ದರು. ಸ್ಕ್ರಿಪ್ಟ್ ಹಳೇ ಕರ್ನಲ್ ಮರದಿಂದ (ಸೋರ್ಸ್ ಕೋಡ್‌ನಿಂದ) ನಕಲು ಮಾಡಿಕೊಂಡದ್ದು. ರೂಟ್ ಅಲ್ಲದಿದ್ದರೆ ಒಂದು ಸಂದೇಶ ಬರೆದು ಎಕ್ಸಿಟ್ 0 (ಎಲ್ಲ ಸರಿ ಅನ್ನೋ ಕೋಡ್) ಅಂತ ಹೊರಗೆ ಬರುತ್ತಿತ್ತು. ಅಂದ್ರೆ ಅಷ್ಟೂ ದಿನ ಒಂದೇ ಒಂದು ಸಿಪಿಯು ಕೂಡ ಆಫ್‌ಲೈನ್ ಹೋಗಿಲ್ಲ.

ನಮ್ಮಲ್ಲಿ ಇಂಥ ಸ್ಕ್ರಿಪ್ಟ್‌ಗಳು ಇನ್ನೂ ತುಂಬಾ ಇವೆ. ಎಲ್ಲವನ್ನೂ ಸರಿಮಾಡಬೇಕು. ಸ್ಕಿಪ್ ಅನ್ನೋದನ್ನು ಸರಿಯಾಗಿ ಬರೆಯುವ ಕ್ರಮ ಯಾವುದು? ಏನೇನು ನೋಡಿಕೊಳ್ಳಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇಬೇರು · ಸೋಮವಾರ, ಬೆಳಿಗ್ಗೆ 11:05

ತುಂಗಾತೀರ ಅವರೇ, ನೀವು ಹೇಳಿದ್ದು ಕರ್ನಲ್ ಮರದಲ್ಲೇ ಇದ್ದ ತೊಂದರೆ. ಕರ್ನಲ್ ಜೊತೆಯಲ್ಲೇ ಬರುವ ಟೆಸ್ಟ್‌ಗಳ ಗುಂಪಾದ ಕೆಸೆಲ್ಫ್‌ಟೆಸ್ಟ್‌ನ ಎಷ್ಟೋ ಸ್ಕ್ರಿಪ್ಟ್‌ಗಳು ಬೇಕಾದ್ದು ಸಿಗದಿದ್ದರೆ ಎಕ್ಸಿಟ್ 0 ಮಾಡುತ್ತಿದ್ದವು. ಓಡಿಸುವ ಫ್ರೇಮ್‌ವರ್ಕ್ ಅದನ್ನು ಪಾಸ್ ಅಂತಲೇ ಎಣಿಸುತ್ತಿತ್ತು. 2018ರಲ್ಲಿ ಕೆಸೆಲ್ಫ್‌ಟೆಸ್ಟ್ ಮೇಂಟೇನರ್ ಶುವಾ ಖಾನ್ ಒಂದೊಂದೇ ಡೈರೆಕ್ಟರಿ ಹಿಡಿದು ಇದನ್ನು ಸರಿಪಡಿಸುವ ಪ್ಯಾಚ್‌ಗಳ ಸಾಲನ್ನೇ ಹಾಕಿದರು. ಟೆಸ್ಟ್ ಓಡಿಸಲು ಆಗದಿದ್ದರೂ ಪಾಸ್ ಅಂತ ಸುಳ್ಳು ಫಲಿತಾಂಶ ಬರುತ್ತಿದೆ ಅನ್ನೋದೇ ಅವುಗಳ ಕಾರಣ. ನೀವು ನಕಲು ಮಾಡಿರೋದು ಅದಕ್ಕಿಂತ ಹಿಂದಿನ ಪ್ರತಿ ಇರಬೇಕು.

ಈಗಿನ ಲೆಕ್ಕ ಹೀಗಿದೆ. 0 ಅಂದರೆ ಪಾಸ್, 1 ಫೇಲ್, 2 ಎಕ್ಸ್‌ಫೇಲ್, 3 ಎಕ್ಸ್‌ಪಾಸ್ (ಸೋಲುತ್ತೆ ಅಂದುಕೊಂಡದ್ದು ಪಾಸ್ ಆಗೋದು), 4 ಸ್ಕಿಪ್. ಶೆಲ್ ಸ್ಕ್ರಿಪ್ಟ್ ಆದರೆ ತಲೆಯಲ್ಲೇ ಕೆಎಸ್‌ಎಫ್‌ಟಿ ಸ್ಕಿಪ್ ಅನ್ನೋ ವೇರಿಯೆಬಲ್‌ಗೆ 4 ಕೊಟ್ಟುಬಿಡಿ. ಬಿಡಬೇಕಾದಲ್ಲೆಲ್ಲ ಅದೇ ಹೆಸರಿನಿಂದ ಎಕ್ಸಿಟ್ ಮಾಡಿ. ಬರೀ 4 ಅಂತ ಬರೆದರೆ ಆರು ತಿಂಗಳ ನಂತರ ಓದುವವರಿಗೆ ಅರ್ಥ ಆಗಲ್ಲ. ಸಿ ಟೆಸ್ಟ್‌ಗಳಿಗೆ ಕೆಎಸ್‌ಎಫ್‌ಟಿ ಎಕ್ಸಿಟ್ ಸ್ಕಿಪ್ ಅನ್ನೋ ಫಂಕ್ಷನ್ ಇದೆ. ಹಾರ್ನೆಸ್ (ಸಿ ಟೆಸ್ಟ್ ಬರೆಯಲು ಕೆಸೆಲ್ಫ್‌ಟೆಸ್ಟ್ ಕೊಡುವ ಚೌಕಟ್ಟು) ಬಳಸುವವರಿಗೆ ಸ್ಕಿಪ್ ಅನ್ನೋ ಮ್ಯಾಕ್ರೋ ಇದೆ. ಕರ್ನಲ್ ಒಳಗೇ ಓಡುವ ಟೆಸ್ಟ್‌ಗಳ ಚೌಕಟ್ಟು ಕೆಯುನಿಟ್‌ನಲ್ಲೂ 2021ರಿಂದ ಸ್ಕಿಪ್ ಇದೆ.

ಇದರ ಜೊತೆ ಇನ್ನೊಂದು ಮಾತು. ಫೀಚರ್ ಕಾನ್ಫಿಗರ್ ಆಗಿಲ್ಲ ಅನ್ನೋ ಕಾರಣಕ್ಕೆ ಟೆಸ್ಟ್ ಫೇಲ್ ಮಾಡಬೇಡಿ ಅಂತ ಕರ್ನಲ್ ದಾಖಲೆಯೇ ಹೇಳುತ್ತದೆ. ಹಾಗಂತ ಪಾಸ್ ಅನ್ನೋ ಹಾಗೂ ಇಲ್ಲ. ನೋಡಲು ಆಗಲಿಲ್ಲ ಅನ್ನೋದಕ್ಕೆ ಅಂತಲೇ ಬೇರೆ ನಂಬರ್ ಇಟ್ಟಿರೋದು.

ಶೆಲ್‌ಸ್ನೇಹಿ · ಸೋಮವಾರ, ಮಧ್ಯಾಹ್ನ 12:40

ಹಳೇಬೇರು ಸರ್ ಹೇಳಿದ್ದು ಸರಿ. ಆದರೆ 0 ಇದ್ದಲ್ಲಿ 4 ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಆ 4 ಹೊರಗಿನ ತನಕ ತಲುಪಬೇಕು. ಶೆಲ್‌ನಲ್ಲಿ ಅದು ದಾರಿಯಲ್ಲೇ ಕಳೆದುಹೋಗೋದು ತುಂಬಾ ಸುಲಭ. ನಾನು ನೋಡಿದ ನಾಲ್ಕು ಕಡೆ ಹೇಳ್ತೀನಿ.

ಒಂದು, ಡಾಲರ್ ಆವರಣದೊಳಗೆ ಫಂಕ್ಷನ್ ಕರೆಯೋದು. ಟೂಲ್‌ನ ವರ್ಷನ್ ತಂದುಕೊಡುವ ಫಂಕ್ಷನ್ ಇದೆ ಅಂದುಕೊಳ್ಳಿ. ಟೂಲ್ ಇಲ್ಲದಿದ್ದರೆ ಅದು ಒಳಗಿಂದಲೇ ಎಕ್ಸಿಟ್ 4 ಮಾಡುತ್ತದೆ. ಆದರೆ ಅದು ಓಡ್ತಿರೋದು ಸಬ್‌ಶೆಲ್‌ನಲ್ಲಿ, ಅಂದರೆ ಶೆಲ್‌ನ ಬೇರೊಂದು ಪ್ರತಿಯಲ್ಲಿ. ಎಕ್ಸಿಟ್ ಆಗೋದು ಆ ಸಬ್‌ಶೆಲ್ ಮಾತ್ರ. ನಿಮ್ಮ ಸ್ಕ್ರಿಪ್ಟ್ ಖಾಲಿ ವರ್ಷನ್ ಇಟ್ಟುಕೊಂಡು ಮುಂದೆ ಹೋಗುತ್ತದೆ.

ಎರಡು, ಅದೇ ಸಾಲಿನ ಮುಂದೆ ಲೋಕಲ್ ಅಂತ ಬರೆಯೋದು. ಆಗ ಸಾಲಿನ ಫಲಿತಾಂಶ ಲೋಕಲ್ ಅನ್ನೋ ಕಮಾಂಡಿನದ್ದಾಗುತ್ತದೆ, ಅದು ಯಾವಾಗಲೂ 0. ಒಳಗಿನ 4 ಯಾರಿಗೂ ಕಾಣಲ್ಲ, ಸೆಟ್ ಮೈನಸ್ ಇ (ಕಮಾಂಡ್ ಸೋತರೆ ಸ್ಕ್ರಿಪ್ಟ್ ನಿಲ್ಲಿಸು ಅನ್ನೋದು) ಹಾಕಿದ್ದರೂ ಕಾಣಲ್ಲ. ಲೋಕಲ್ ಒಂದು ಸಾಲಲ್ಲಿ, ಬೆಲೆ ಕೊಡೋದು ಮುಂದಿನ ಸಾಲಲ್ಲಿ ಬರೆಯಿರಿ. ಅದು ಸೋತರೆ ಅದೇ ಕೋಡ್ ಹಿಡಿದು ಎಕ್ಸಿಟ್ ಮಾಡಿ.

ಮೂರು, ಟ್ರ್ಯಾಪ್, ಅಂದರೆ ಸ್ಕ್ರಿಪ್ಟ್ ಮುಗಿಯುವಾಗ ತಾನಾಗಿ ಓಡುವ ಹಾಗೆ ಕಟ್ಟಿಟ್ಟ ಕೋಡ್. ಕ್ಲೀನಪ್ ಫಂಕ್ಷನ್ ಅನ್ನು ಎಕ್ಸಿಟ್ ಟ್ರ್ಯಾಪ್‌ಗೆ ಕಟ್ಟಿರ್ತೀವಿ. ಸ್ಕ್ರಿಪ್ಟ್ 4 ಅಂತ ಹೊರಟರೂ ಕ್ಲೀನಪ್‌ನ ಕೊನೆಯಲ್ಲಿ ಯಾರೋ ಎಕ್ಸಿಟ್ 0 ಬರೆದಿದ್ದರೆ ಕೊನೆಗೆ ಉಳಿಯೋದು ಆ 0. ಕ್ಲೀನಪ್ ಒಳಗೆ ಎಕ್ಸಿಟ್ ಬರೆಯಲೇಬೇಡಿ. ಬರೆಯದಿದ್ದರೆ ಮೊದಲಿನ ಕೋಡ್ ತಾನಾಗಿ ಉಳಿಯುತ್ತದೆ.

ನಾಲ್ಕನೆಯದು ರೂಟ್ ಪರೀಕ್ಷೆಯೇ. ತುಂಬಾ ಜನ ಯುಐಡಿ ವೇರಿಯೆಬಲ್ ನೋಡ್ತಾರೆ. ಅದು ಬ್ಯಾಶ್‌ನಲ್ಲಿ ಇರುತ್ತೆ. ಡೆಬಿಯನ್, ಉಬುಂಟುಗಳಲ್ಲಿ ಎಸ್‌ಎಚ್ ಅಂದರೆ ಡ್ಯಾಶ್, ಅದರಲ್ಲಿ ಇಲ್ಲ. ಸ್ಕ್ರಿಪ್ಟ್‌ನ ಮೊದಲ ಸಾಲು ಬಿನ್ ಎಸ್‌ಎಚ್ ಆಗಿದ್ದು, ಯುಐಡಿಯನ್ನು ಕೋಟ್ ಇಲ್ಲದೆ ಬರೆದಿದ್ದರೆ ಹೋಲಿಕೆಯ ಎಡಗಡೆ ಖಾಲಿ. ಬ್ರಾಕೆಟ್ ಕಮಾಂಡ್ ತಪ್ಪು ಅಂತ ಗೊಣಗಿ ಸೋಲುತ್ತದೆ. ಇಫ್ ಸುಳ್ಳಾಗುತ್ತದೆ. ಸ್ಕ್ರಿಪ್ಟ್ ತಾನು ರೂಟ್ ಅಂದುಕೊಂಡು ಮುಂದೆ ನಡೆಯುತ್ತದೆ. ಐಡಿ ಮೈನಸ್ ಯು ಬಳಸಿ, ಎಲ್ಲ ಶೆಲ್‌ನಲ್ಲೂ ನಡೆಯುತ್ತೆ.

ತುಂಗಾತೀರ · ಸೋಮವಾರ, ಸಂಜೆ 5:48

ಶೆಲ್‌ಸ್ನೇಹಿ ಅವರೇ, ತುಂಬಾ ಥ್ಯಾಂಕ್ಸ್. ಲೋಕಲ್ ವಿಷಯ ನಮ್ಮಲ್ಲಿ ಮೂರು ಸ್ಕ್ರಿಪ್ಟ್‌ಗಳಲ್ಲಿ ಸಿಕ್ಕಿತು.

ಈಗ ಒಂದು ವಿಚಿತ್ರ. ಹಾಟ್‌ಪ್ಲಗ್ ಸ್ಕ್ರಿಪ್ಟ್‌ನಲ್ಲಿ 4 ಹಾಕಿದೆ. ಕೈಯಿಂದ ಓಡಿಸಿ ಎಕೋ ಡಾಲರ್ ಪ್ರಶ್ನೆಚಿಹ್ನೆ (ಕೊನೆಯ ಎಕ್ಸಿಟ್ ಕೋಡ್ ತೋರಿಸೋದು) ಮಾಡಿದರೆ 4 ಬರುತ್ತೆ. ನಮ್ಮ ರಾತ್ರಿ ಓಟದಲ್ಲಿ ಮಾತ್ರ ಇನ್ನೂ ಹಸಿರು. ಟ್ರ್ಯಾಪ್ ಇಲ್ಲ, ಲೋಕಲ್ ಇಲ್ಲ. ಎಲ್ಲಿ ನೋಡಲಿ?

ಶೆಲ್‌ಸ್ನೇಹಿ · ಸೋಮವಾರ, ಸಂಜೆ 6:02

ಓಡಿಸುವ ಸಾಲು ತೋರಿಸಿ. ಲಾಗ್ ಬರೆಯಲು ಟೀ ಕಮಾಂಡ್‌ಗೆ (ಪರದೆಗೂ ಫೈಲ್‌ಗೂ ಒಟ್ಟಿಗೆ ಬರೆಯೋದು) ಪೈಪ್ ಮಾಡಿದ್ದೀರಾ?

ತುಂಗಾತೀರ · ಸೋಮವಾರ, ಸಂಜೆ 6:09

ಹೌದು! ಸ್ಕ್ರಿಪ್ಟ್, ಪೈಪ್, ಟೀ, ಲಾಗ್ ಫೈಲ್. ಈಗ ಅರ್ಥ ಆಯ್ತು. ಪೈಪ್‌ನಲ್ಲಿ ಉಳಿಯೋದು ಕೊನೆಯ ಕಮಾಂಡಿನ ಕೋಡ್, ಹಾಗಾಗಿ ನಾವು ನೋಡ್ತಿದ್ದದ್ದು ಟೀಯ ಎಕ್ಸಿಟ್ ಕೋಡ್. ಲಾಗ್ ಬರೆಯೋದು ಅದಕ್ಕೆ ಯಾವತ್ತೂ ತಪ್ಪಿಲ್ಲ, ಅದಕ್ಕೇ ಯಾವತ್ತೂ 0.

ಹಳೇಬೇರು · ಸೋಮವಾರ, ರಾತ್ರಿ 8:30

ಬ್ಯಾಶ್ ಆದರೆ ಪೈಪ್‌ಫೇಲ್ (ಪೈಪ್‌ನಲ್ಲಿ ಯಾವುದು ಸೋತರೂ ತೋರಿಸುವ ಆಯ್ಕೆ) ಹಾಕಿ, ಇಲ್ಲವೇ ಪೈಪ್‌ಸ್ಟೇಟಸ್‌ನ ಮೊದಲ ಅಂಕಿ ನೋಡಿ. ಸಾದಾ ಎಸ್‌ಎಚ್‌ನಲ್ಲಿ ಅದನ್ನು ನೆಚ್ಚಿಕೊಳ್ಳೋ ಹಾಗಿಲ್ಲ. ಇದೇ ತೊಂದರೆಗೆ ಕರ್ನಲ್ ಮರದವರು ಏನು ಮಾಡಿದ್ದಾರೆ ಅಂತ ಒಮ್ಮೆ ನೋಡಲೇಬೇಕು. ಟೂಲ್ಸ್, ಟೆಸ್ಟಿಂಗ್, ಸೆಲ್ಫ್‌ಟೆಸ್ಟ್ಸ್, ಕೆಸೆಲ್ಫ್‌ಟೆಸ್ಟ್ ಒಳಗೆ ರನ್ನರ್ ಅನ್ನೋ ಶೆಲ್ ಫೈಲ್ ಇದೆ. ಅದರಲ್ಲಿ ಆವರಣದೊಳಗೆ ಆವರಣ ಸೇರಿಸಿ ಬರೆದ ಒಂದು ಸಾಲಿದೆ. ಟೆಸ್ಟ್‌ನ ಮಾತೆಲ್ಲ ಪೈಪ್‌ನಲ್ಲಿ ಹೋಗಿ ಪ್ರತಿ ಸಾಲಿನ ಮುಂದೆ ಹ್ಯಾಷ್ ಗುರುತು ಹಚ್ಚಿಸಿಕೊಳ್ಳುತ್ತದೆ. ಎಕ್ಸಿಟ್ ಕೋಡ್ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಅದನ್ನು 3ನೇ ನಂಬರಿನ ಫೈಲ್ ಡಿಸ್ಕ್ರಿಪ್ಟರ್‌ಗೆ (ಮಾತು ಹೊರಗೆ ಹೋಗುವ ಇನ್ನೊಂದು ದಾರಿಗೆ) ಎಕೋ ಮಾಡಿ, ಆ ಕಡೆ ರೀಡ್ ಮಾಡಿಕೊಂಡು, ಅದೇ ಅಂಕಿಯಿಂದ ಎಕ್ಸಿಟ್ ಮಾಡುತ್ತಾರೆ. ಮೊದಲ ಸಲ ಓದಿದಾಗ ಕಾಗದದ ಮೇಲೆ ಬಾಣ ಹಾಕಿಕೊಂಡೇ ಅರ್ಥ ಮಾಡಿಕೊಂಡೆ. ಒಂದು ಪುಟ್ಟ ಅಂಕಿಯನ್ನು ಕಳೆಯದೆ ದಾಟಿಸಲು ಅಷ್ಟು ಕಷ್ಟಪಟ್ಟಿದ್ದಾರೆ ನೋಡಿ.

ಅದೇ ರನ್ನರ್ ಪ್ರತಿ ಟೆಸ್ಟ್‌ಗೆ ಡೀಫಾಲ್ಟ್ ಆಗಿ 45 ಸೆಕೆಂಡ್ ಕೊಡುತ್ತದೆ. ಮೀರಿದರೆ ಟೈಮ್‌ಔಟ್, ಕೋಡ್ 124. ಅದು ಫೇಲ್. ಜಾಸ್ತಿ ಹೊತ್ತು ಬೇಕಿದ್ದರೆ ಡೈರೆಕ್ಟರಿಯಲ್ಲಿ ಸೆಟ್ಟಿಂಗ್ಸ್ ಫೈಲ್ ಇಟ್ಟು ಹೇಳಬೇಕು. ನಿಧಾನದ ಬೋರ್ಡ್‌ನಲ್ಲಿ ಟೈಮ್‌ಔಟ್ ಆಯ್ತು ಅಂತ ಅದನ್ನು ಸ್ಕಿಪ್ ಮಾಡಿಬಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಬೆಳಗಾವಿ_ಬೈಟ್ · ಮಂಗಳವಾರ, ಬೆಳಿಗ್ಗೆ 9:15

ನಾ ಒಂದು ಮಾತು ಹೇಳ್ಲೇನ್ರೀ? ಇಷ್ಟೆಲ್ಲ ಯಾಕೆ ಬೇಕು? ರಾತ್ರಿ ಓಟದಲ್ಲಿ ಸ್ಕಿಪ್ ಬಂದರೆ ನೇರವಾಗಿ ಕೆಂಪು ಮಾಡಿಬಿಡಿ. ಬೋರ್ಡ್ ನಮ್ಮದು, ಕಾನ್ಫಿಗ್ ನಮ್ಮದು, ರೂಟ್ ನಮ್ಮ ಕೈಯಲ್ಲಿ. ಹಂಗಿದ್ದ ಮೇಲೆ ಬೇಕಾದ್ದು ಇಲ್ಲ ಅನ್ನೋದೇ ತಪ್ಪು ಅಲ್ವಾ? ತುಂಗಾತೀರ ಮೇಡಂ ಐದು ವಾರ ಕಳಕೊಂಡಿದ್ದು ಯಾರೂ ಸ್ಕಿಪ್ ಕಡೆ ನೋಡದೆ. ಹಳದಿ ಬಣ್ಣ ಕೊಟ್ಟರೂ ಯಾರೂ ನೋಡಂಗಿಲ್ಲ. ಒಂದು ತಿಂಗಳಿಗೆ ಹಳದಿನೂ ಹಸಿರಿನ ಹಂಗೇ ಕಾಣ್ತದ.

ಜಾಲಗಾರ · ಮಂಗಳವಾರ, ಬೆಳಿಗ್ಗೆ 10:50

ಬೆಳಗಾವಿ_ಬೈಟ್ ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೂ ಇದಕ್ಕೆ ಒಪ್ಪಲ್ಲ. ನಾನು ನೆಟ್‌ವರ್ಕ್ ಟೆಸ್ಟ್‌ಗಳ ಜೊತೆ ಇರೋನು. ಫಾರ್ವರ್ಡಿಂಗ್ ಡೈರೆಕ್ಟರಿಯ ಲೈಬ್ರರಿ ಸ್ಕ್ರಿಪ್ಟ್ ನೋಡಿ. ಮೊದಲು ರೂಟ್ ಇದೆಯಾ ನೋಡುತ್ತೆ. ನೆಟ್‌ವರ್ಕ್ ಟ್ರಾಫಿಕ್ ಹೊಂದಿಸುವ ಟಿಸಿ ಕಮಾಂಡ್ ಹಳೇದಾಗಿದ್ದು ಜೇಸನ್ ರೂಪದ ಉತ್ತರ ಕೊಡಲ್ಲ ಅಂದರೆ ಐಪಿರೂಟ್2 (ಟಿಸಿ ಬರುವ ಪ್ಯಾಕೇಜ್) ಹಳೇದು ಅಂತ ಹೇಳಿ ಸ್ಕಿಪ್. ಜೇಸನ್ ಓದುವ ಜೆಕ್ಯೂ ಟೂಲ್ ಇಲ್ಲದಿದ್ದರೆ ಸ್ಕಿಪ್. ಇಷ್ಟು ಟೂಲ್, ಇಷ್ಟು ಕಾರ್ಡ್, ಇಷ್ಟು ಪೋರ್ಟ್ ಎಲ್ಲ ಬೋರ್ಡ್‌ನಲ್ಲೂ ಇರೋಕೆ ಸಾಧ್ಯ ಇಲ್ಲ.

ಎಲ್ಲವನ್ನೂ ಕೆಂಪು ಮಾಡಿದರೆ ಏನಾಗುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಇದ್ದ ಒಂದು ತಂಡದಲ್ಲಿ ಹಾಗೆ ಮಾಡಿದೆವು. ಒಂದೇ ವಾರದಲ್ಲಿ ಹುಡುಗರು ಕೆಂಪು ಬಂದ ಟೆಸ್ಟ್‌ಗಳನ್ನು ಪಟ್ಟಿಯಿಂದಲೇ ತೆಗೆಯತೊಡಗಿದರು. ಸ್ಕಿಪ್ ಆದ ಟೆಸ್ಟ್ ಕೊನೇಪಕ್ಷ ವರದಿಯಲ್ಲಿ ಒಂದು ಸಾಲಾಗಿ ಉಳಿದಿರುತ್ತೆ. ಪಟ್ಟಿಯಿಂದ ತೆಗೆದದ್ದು ಇತ್ತು ಅನ್ನೋದೇ ಮರೆತುಹೋಗುತ್ತೆ.

ನಾವು ಆಮೇಲೆ ಬೇರೆ ದಾರಿ ಹಿಡಿದೆವು. ಪ್ರತಿ ಬೋರ್ಡ್‌ಗೂ ಒಂದು ಸಣ್ಣ ಫೈಲ್. ಈ ಬೋರ್ಡ್‌ನಲ್ಲಿ ಯಾವ ಟೆಸ್ಟ್ ಸ್ಕಿಪ್ ಆಗೋದು ಸಹಜ, ಯಾಕೆ, ಅಂತ ಸಾಲಿಗೊಂದು. ಆ ಫೈಲ್‌ನಲ್ಲಿ ಇಲ್ಲದ ಟೆಸ್ಟ್ ಸ್ಕಿಪ್ ಆದರೆ ಕೆಂಪು. ಅದರಲ್ಲಿ ಇರುವ ಟೆಸ್ಟ್ ಒಂದು ದಿನ ಪಾಸ್ ಆದರೂ ಸೂಚನೆ ಬರುತ್ತೆ, ಪಟ್ಟಿ ತಿದ್ದಬೇಕಲ್ಲ. ಫೈಲ್ ಗಿಟ್‌ನಲ್ಲಿ ಇದೆ. ಸಾಲು ಸೇರಿಸಬೇಕಂದರೆ ರಿವ್ಯೂ ಆಗಲೇಬೇಕು. ತುಂಗಾತೀರ ಅವರಲ್ಲಿ ಸರಿಯಾದ ಸ್ಕಿಪ್ ಕೋಡ್ ಜೊತೆ ಇದೂ ಇದ್ದಿದ್ದರೆ ಯೂಸರ್ ಬದಲಾದ ಮರುದಿನ ಬೆಳಿಗ್ಗೆಯೇ ಹಾಟ್‌ಪ್ಲಗ್ ಕೆಂಪಾಗುತ್ತಿತ್ತು.

ಬೆಳಗಾವಿ_ಬೈಟ್ · ಮಂಗಳವಾರ, ಬೆಳಿಗ್ಗೆ 11:20

ಇದು ಛಲೋ ಅದ. ಪಟ್ಟಿಯಲ್ಲಿ ಇಲ್ಲದ ಸ್ಕಿಪ್ ಕೆಂಪು ಅನ್ನೋದಾದರೆ ನನ್ನ ತಕರಾರಿಲ್ಲ. ನನಗೆ ಬೇಕಿದ್ದದ್ದೂ ಅದೇ, ಯಾರಾದರೂ ಒಬ್ಬರು ನೋಡಬೇಕು. ಆದರೆ ಆ ಫೈಲ್ ಬೆಳೀತಾ ಹೋಗಂಗಿಲ್ಲೇನ್ರೀ? ವರ್ಷಕ್ಕೊಮ್ಮೆಯಾದರೂ ಕೂತು ಸ್ವಚ್ಛ ಮಾಡಬೇಕಾಗ್ತದ.

ಕಲಿಕೆ_ನಿರಂತರ · ಮಂಗಳವಾರ, ಮಧ್ಯಾಹ್ನ 2:05

ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ಓದ್ತಿದ್ದೀನಿ, ಕರ್ನಲ್‌ಗೆ ಮೊದಲ ಪ್ಯಾಚ್ ಕಳಿಸೋ ಆಸೆ ಇದೆ. ಎರಡು ಪ್ರಶ್ನೆ ಕೇಳಬಹುದಾ ಸರ್? ಸ್ಕಿಪ್‌ಗೂ ಎಕ್ಸ್‌ಫೇಲ್‌ಗೂ ವ್ಯತ್ಯಾಸ ಏನು? ಇನ್ನೊಂದು, ನನ್ನ ಲ್ಯಾಪ್‌ಟಾಪ್‌ನಲ್ಲಿ ಕೆಸೆಲ್ಫ್‌ಟೆಸ್ಟ್ ಓಡಿಸಿ, ಓಕೆ ಅಂತ ಶುರುವಾಗೋ ಸಾಲುಗಳನ್ನು ಗ್ರೆಪ್ ಮಾಡಿ ಎಣಿಸಿದೆ. ಅಷ್ಟೂ ಪಾಸ್ ಅಂತ ಬರೆದುಕೊಂಡಿದ್ದೀನಿ. ಸರಿ ಅಲ್ವಾ?

ಹಳೇಬೇರು · ಮಂಗಳವಾರ, ಮಧ್ಯಾಹ್ನ 3:30

ಖಂಡಿತ ಕೇಳಿ. ಎರಡನೇ ಪ್ರಶ್ನೆಯಿಂದ ಶುರುಮಾಡ್ತೀನಿ, ಅದರಲ್ಲಿ ತುಂಬಾ ಜನ ಎಡವುತ್ತಾರೆ. ಸ್ಕಿಪ್ ಆದ ಟೆಸ್ಟ್‌ನ ಸಾಲೂ ಓಕೆ ಅಂತಲೇ ಶುರುವಾಗುತ್ತದೆ. ಸಾಲಿನ ಕೊನೆಯಲ್ಲಿ ಹ್ಯಾಷ್ ಗುರುತು, ಅದರ ಪಕ್ಕ ದೊಡ್ಡ ಅಕ್ಷರದಲ್ಲಿ ಸ್ಕಿಪ್ ಅಂತ ಇರುತ್ತದೆ. ಮೊದಲು ಕರ್ನಲ್‌ನವರು ನಾಟ್ ಓಕೆ ಅಂತ ಬರೆಯುತ್ತಿದ್ದರು. ಟೆಸ್ಟ್ ಫಲಿತಾಂಶ ಬರೆಯುವ ಟ್ಯಾಪ್ ಅನ್ನೋ ಫಾರ್ಮ್ಯಾಟ್‌ನ ನಿಯಮದ ಪ್ರಕಾರ ಸ್ಕಿಪ್ ಅಂದರೆ ಓಕೆ ಸಾಲೇ ಆಗಬೇಕು, ಹಾಗಾಗಿ 2020ರಲ್ಲಿ ಬದಲಾಯಿಸಿದರು. ಆದ್ದರಿಂದ ಓಕೆ ಸಾಲುಗಳನ್ನು ಎಣಿಸಿ, ಅದರಲ್ಲಿ ಸ್ಕಿಪ್ ಗುರುತು ಇರುವವನ್ನು ಕಳೆಯಿರಿ. ಆಗ ಪಾಸ್ ಎಷ್ಟು ಅಂತ ಗೊತ್ತಾಗುತ್ತೆ. ಈಗ ಕರ್ನಲ್‌ಗೆ ಅಂತಲೇ ಕೆ-ಟ್ಯಾಪ್ ಅನ್ನೋ ದಾಖಲೆ ಇದೆ, ಅದನ್ನು ಒಮ್ಮೆ ಪೂರ್ತಿ ಓದಿ.

ಇನ್ನೊಂದು ಗಮನಿಸಿ. ಆ ಸ್ಕಿಪ್ ಸಾಲಿನಲ್ಲಿ ಕಾರಣ ಇರಲ್ಲ. ಕಾರಣ ಮೇಲಿನ ಹ್ಯಾಷ್ ಸಾಲುಗಳಲ್ಲಿ ಇರುತ್ತದೆ, ಸ್ಕ್ರಿಪ್ಟ್ ಬರೆದವರು ಬರೆದಿದ್ದರೆ. ಅದಕ್ಕೇ ಕಾರಣ ಬರೆಯೋದನ್ನು ಉದಾಸೀನ ಮಾಡಬಾರದು. ಸಪೋರ್ಟ್ ಇಲ್ಲ ಅಂತ ಬರೆದರೆ ಓದುವವರಿಗೆ ಉಪಯೋಗ ಇಲ್ಲ. ಯಾವುದು ಇಲ್ಲ? ಕಾನ್ಫಿಗ್ ಹೆಸರು, ಟೂಲ್ ಹೆಸರು, ಬೇಕಾದ ವರ್ಷನ್, ಈಗ ಇರುವ ವರ್ಷನ್ ಬರೆಯಿರಿ. ಬೆಳಿಗ್ಗೆ ಲಾಗ್ ನೋಡುವವರು ಅದನ್ನು ಓದಿ ನೇರವಾಗಿ ಸರಿಪಡಿಸುವಂತಿರಬೇಕು.

ಎಕ್ಸ್‌ಫೇಲ್ ಅಂದರೆ ಟೆಸ್ಟ್ ನಿಜವಾಗಿ ಓಡಿತು, ಸೋತಿತು, ಆ ಸೋಲು ಮೊದಲೇ ಗೊತ್ತಿತ್ತು. ಸ್ಕಿಪ್ ಅಂದರೆ ಓಡಲೇ ಇಲ್ಲ.

ಜಾಲಗಾರ · ಮಂಗಳವಾರ, ಸಂಜೆ 4:10

ಎಕ್ಸ್‌ಫೇಲ್‌ಗೆ ಒಂದು ಉದಾಹರಣೆ. ಕೆಲವು ನೆಟ್‌ವರ್ಕ್ ಟೆಸ್ಟ್‌ಗಳು ವೇಗ ಅಥವಾ ಸಮಯ ಅಳೆಯುತ್ತವೆ. ಡೀಬಗ್ ಆಯ್ಕೆಗಳನ್ನೆಲ್ಲ ಹಾಕಿದ ಕರ್ನಲ್ ನಿಧಾನ, ಅಳತೆ ತಪ್ಪುತ್ತೆ. ಅಂಥ ಮಷೀನ್‌ನಲ್ಲಿ ಕೆಎಸ್‌ಎಫ್‌ಟಿ ಮಷೀನ್ ಸ್ಲೋ ಅನ್ನೋ ಎನ್ವಿರಾನ್ಮೆಂಟ್ ವೇರಿಯೆಬಲ್‌ಗೆ ಯೆಸ್ ಕೊಡುತ್ತಾರೆ. ಆಗ ಎಕ್ಸ್‌ಫೇಲ್ ಆನ್ ಸ್ಲೋ ಅನ್ನೋ ಫಂಕ್ಷನ್ ಒಳಗೆ ಕರೆದ ಅಳತೆ ಸೋತರೂ ಎಕ್ಸ್‌ಫೇಲ್ ಆಗುತ್ತೆ. ಟೆಸ್ಟ್ ಓಡಿರುತ್ತೆ, ಕರ್ನಲ್ ಒಳಗೆ ಆ ದಾರಿಯೆಲ್ಲ ತುಳಿದಿರುತ್ತೆ. ಮೆಮರಿ ತಪ್ಪೋ ಲಾಕ್ ತಪ್ಪೋ ಇದ್ದರೆ ಡೀಬಗ್ ಕರ್ನಲ್ ಹಿಡಿದುಕೊಡುತ್ತೆ. ಅದನ್ನೇ ಸ್ಕಿಪ್ ಮಾಡಿದ್ದರೆ ಅಷ್ಟೂ ಲಾಭ ಹೋಗ್ತಿತ್ತು.

ಹಳೇಬೇರು · ಮಂಗಳವಾರ, ರಾತ್ರಿ 9:12

ಇಲ್ಲಿಯವರೆಗೆ ಯಾರೂ ಎತ್ತದ ಒಂದು ವಿಷಯ ಇದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ಇಲ್ಲ ಅನ್ನೋದರಲ್ಲಿ ಎರಡು ಬಗೆ. ಒಂದು, ಬೇಕಂತಲೇ ಇಟ್ಟಿಲ್ಲ. ಇನ್ನೊಂದು, ಇರಬೇಕಿತ್ತು, ಕೆಟ್ಟುಹೋಗಿ ಕಾಣುತ್ತಿಲ್ಲ. ಮೊದಲನೆಯದು ಸ್ಕಿಪ್, ಎರಡನೆಯದು ಫೇಲ್. ಸ್ಕ್ರಿಪ್ಟ್‌ಗಳಲ್ಲಿ ಇವೆರಡೂ ಒಂದೇ ಇಫ್‌ನಲ್ಲಿ ಹೋಗಿಬಿಡುತ್ತವೆ.

ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ಕೋಡ್ ತುಂಡು) ಲೋಡ್ ಮಾಡೋದನ್ನೇ ತೆಗೆದುಕೊಳ್ಳಿ. ಲೋಡ್ ಮಾಡುವ ಕಮಾಂಡ್ ಮಾಡ್‌ಪ್ರೋಬ್ ಸೋತರೆ ಸ್ಕಿಪ್ ಅಂತ ಬರೆದಿರ್ತಾರೆ. ಮಾಡ್ಯೂಲ್ ಬಿಲ್ಡ್ ಆಗಿಲ್ಲ ಅಂದರೆ ಅದು ಸರಿ. ಆದರೆ ಮಾಡ್ಯೂಲ್ ಇದೆ, ನಿನ್ನೆ ಬಂದ ಪ್ಯಾಚ್‌ನಿಂದ ಅದರ ಇನಿಟ್ ಫಂಕ್ಷನ್ ಎರರ್ ಕೊಡ್ತಿದೆ ಅಂದರೆ? ಆಗಲೂ ಮಾಡ್‌ಪ್ರೋಬ್ ಸೋಲುತ್ತೆ, ಆಗಲೂ ಸ್ಕಿಪ್. ಹಿಡಿಯಬೇಕಿದ್ದ ತಪ್ಪನ್ನೇ ಟೆಸ್ಟ್ ಮುಚ್ಚಿಹಾಕಿದ ಹಾಗಾಯ್ತು.

ಸ್ಟ್ಯಾಟಿಕ್ ಕೀಸ್ ಡೈರೆಕ್ಟರಿಯ ಸ್ಕ್ರಿಪ್ಟ್ ಇದನ್ನು ಸೊಗಸಾಗಿ ಮಾಡಿದೆ. ಮೊದಲು ಮಾಡ್‌ಪ್ರೋಬ್‌ಗೆ ಮೈನಸ್ ಕ್ಯೂ, ಮೈನಸ್ ಎನ್ ಕೊಡುತ್ತದೆ. ಅಂದರೆ ನಿಜವಾಗಿ ಲೋಡ್ ಮಾಡಬೇಡ, ಮಾಡ್ಯೂಲ್ ಇದೆಯಾ ಅಷ್ಟು ನೋಡು ಅಂತ. ಸಿಗದಿದ್ದರೆ ಸ್ಕಿಪ್. ಸಿಕ್ಕಿದ ಮೇಲೆ ನಿಜವಾಗಿ ಲೋಡ್ ಮಾಡುತ್ತದೆ. ಅಲ್ಲಿ ಸೋತರೆ ಫೇಲ್. ಸಣ್ಣ ಸ್ಕ್ರಿಪ್ಟ್ ಅದು. ಕಲಿಕೆ_ನಿರಂತರ, ನೀನು ಮೊದಲು ಓದಬೇಕಾದ್ದು ಅದನ್ನೇ.

ಕರ್ನಲ್ ತನ್ನ ಸ್ಥಿತಿ ತೋರಿಸುವ ಪ್ರಾಕ್, ಸಿಸ್ ಫೈಲ್‌ಗಳಿಗೂ ಹೀಗೇ. ಫೈಲ್ ಇಲ್ಲ ಅಂದ ತಕ್ಷಣ ಸ್ಕಿಪ್ ಮಾಡಬೇಡಿ. ಕರ್ನಲ್ ಕಾನ್ಫಿಗ್ ಏನು ಹೇಳುತ್ತೆ ನೋಡಿ. ಐಕೆಕಾನ್ಫಿಗ್ ಪ್ರಾಕ್ ಆಯ್ಕೆ ಹಾಕಿದ್ದರೆ ಪ್ರಾಕ್ ಒಳಗೆ ಕಾನ್ಫಿಗ್ ಜಿಝಡ್ ಸಿಗುತ್ತದೆ. ಅದರಲ್ಲಿ ಫೀಚರ್‌ಗೆ ವೈ ಇದೆ, ಫೈಲ್ ಮಾತ್ರ ಇಲ್ಲ ಅಂದರೆ ಅದು ಫೇಲ್. ಬೇಕಾದ ಕಾನ್ಫಿಗ್‌ಗಳ ಪಟ್ಟಿ ತುಂಬಾ ಟೆಸ್ಟ್ ಡೈರೆಕ್ಟರಿಗಳಲ್ಲಿ ಕಾನ್ಫಿಗ್ ಅನ್ನೋ ಫೈಲ್‌ನಲ್ಲೇ ಇದೆ. ಮೇಕ್ ಕೆಸೆಲ್ಫ್‌ಟೆಸ್ಟ್ ಮರ್ಜ್ ಅಂತ ಕೊಟ್ಟರೆ ಅವೆಲ್ಲ ನಿಮ್ಮ ಕಾನ್ಫಿಗ್‌ಗೆ ಸೇರುತ್ತವೆ. ಎಷ್ಟೋ ಸ್ಕಿಪ್‌ಗಳು ಅಲ್ಲೇ ಮಾಯ ಆಗುತ್ತವೆ.

ತುಂಗಾತೀರ · ಬುಧವಾರ, ಬೆಳಿಗ್ಗೆ 9:40

ಹಳೇಬೇರು ಸರ್, ಇದನ್ನು ಓದಿ ನಿನ್ನೆ ರಾತ್ರಿಯೇ ನಮ್ಮ ಸ್ಕ್ರಿಪ್ಟ್‌ಗಳನ್ನು ಮತ್ತೆ ನೋಡಿದೆ. ಮಾಡ್‌ಪ್ರೋಬ್ ಸೋತರೆ ಸ್ಕಿಪ್ ಅನ್ನೋದು ಏಳು ಕಡೆ ಇದೆ. ಏಳೂ ಕಡೆ ಬದಲಾಯಿಸುತ್ತಿದ್ದೇನೆ.

ಇನ್ನೊಂದು ಸಂದೇಹ. ಒಂದೇ ಸ್ಕ್ರಿಪ್ಟ್ ಒಳಗೆ ಹತ್ತು ಸಣ್ಣ ಟೆಸ್ಟ್ ಇವೆ. ಎಂಟು ಪಾಸ್, ಎರಡು ಸ್ಕಿಪ್. ಸ್ಕ್ರಿಪ್ಟ್ ಹೊರಗೆ ಏನು ಹೇಳಬೇಕು, 0 ಅಥವಾ 4? ಮತ್ತೆ ನಾವು ಕೆಸೆಲ್ಫ್‌ಟೆಸ್ಟ್ ಜೊತೆ ಎಲ್‌ಟಿಪಿ (ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್) ಕೂಡ ಓಡಿಸ್ತೀವಿ. ಎರಡಕ್ಕೂ ಒಂದೇ ರ‍್ಯಾಪರ್ ಸ್ಕ್ರಿಪ್ಟ್.

ಜಾಲಗಾರ · ಬುಧವಾರ, ಬೆಳಿಗ್ಗೆ 10:25

ನೆಟ್ ಡೈರೆಕ್ಟರಿಯ ಲೈಬ್ರರಿಯಲ್ಲಿ ಫಲಿತಾಂಶ ಕೂಡಿಸುವ ಫಂಕ್ಷನ್ ಇದೆ. ಅಲ್ಲಿ ಫೇಲ್ ಎಲ್ಲಕ್ಕಿಂತ ಮೇಲೆ. ಪಾಸ್ ಮತ್ತು ಸ್ಕಿಪ್ ಸೇರಿದರೆ ಸ್ಕಿಪ್ ಗೆಲ್ಲುತ್ತೆ. ಎಂಟು ಪಾಸ್, ಎರಡು ಸ್ಕಿಪ್ ಅಂದರೆ 4. ನನಗೆ ಇದೇ ಸರಿ ಅನ್ನಿಸುತ್ತೆ. ಪೂರ್ತಿ ನೋಡಿಲ್ಲ ಅನ್ನೋದು ಹೊರಗೆ ಗೊತ್ತಾಗಬೇಕು.

ಎಲ್‌ಟಿಪಿ_ಒಲವು · ಬುಧವಾರ, ಮಧ್ಯಾಹ್ನ 1:15

ಎಲ್‌ಟಿಪಿಯಲ್ಲಿ ಇದು ತಿರುಗಾಮುರುಗಾ. ಸಿ ಟೆಸ್ಟ್‌ಗಳ ಹೊಸ ಲೈಬ್ರರಿಯಲ್ಲಿ ಒಂದೇ ಒಂದು ಪಾಸ್ ಇದ್ದರೂ ಸ್ಕಿಪ್ ಎಕ್ಸಿಟ್ ಕೋಡ್‌ನಲ್ಲಿ ಕಾಣಲ್ಲ. ಒಂದೂ ಪಾಸ್ ಇಲ್ಲದೆ ಸ್ಕಿಪ್ ಮಾತ್ರ ಇದ್ದಾಗ ಟಿಕಾನ್ಫ್, ಅಂದರೆ ಎಲ್‌ಟಿಪಿಯ ಸ್ಕಿಪ್ ಕೋಡ್, ಕೊಡುತ್ತೆ. ಹಾಗಾಗಿ ಎಲ್‌ಟಿಪಿಯಲ್ಲಿ ಎಕ್ಸಿಟ್ ಕೋಡ್ ಮಾತ್ರ ನೋಡಬೇಡಿ. ಕೊನೆಯಲ್ಲಿ ಬರೋ ಸಾರಾಂಶದಲ್ಲಿ ಸ್ಕಿಪ್ ಎಷ್ಟು ಅಂತ ಇರುತ್ತೆ, ಅದನ್ನೂ ಓದಿ.

ಆಮೇಲೆ ಒಂದೇ ರ‍್ಯಾಪರ್ ಅಂದ್ರಲ್ಲ, ಅಲ್ಲಿ ಹುಷಾರಾಗಿರಿ. ಎಲ್‌ಟಿಪಿಯಲ್ಲಿ ಸ್ಕಿಪ್ ನಂಬರ್ 4 ಅಲ್ಲ, 32. ಫೇಲ್ 1, ಬ್ರೋಕ್ (ಟೆಸ್ಟೇ ಮುರಿದುಬಿತ್ತು) 2, ವಾರ್ನ್ (ಎಚ್ಚರಿಕೆ) 4. ಇವು ಬಿಟ್‌ಗಳು, ಒಟ್ಟಿಗೆ ಸೇರಿ ಬರುತ್ತವೆ. 36 ಬಂದರೆ ವಾರ್ನಿಂಗ್ ಕೂಡ ಇದೆ, ಸ್ಕಿಪ್ ಕೂಡ ಇದೆ ಅಂತ. ನಿಮ್ಮ ರ‍್ಯಾಪರ್ 4 ಅನ್ನು ಕಣ್ಣುಮುಚ್ಚಿ ಸ್ಕಿಪ್ ಅಂತ ಎಣಿಸ್ತಿದ್ದರೆ ಎಲ್‌ಟಿಪಿ ವಾರ್ನಿಂಗ್‌ಗಳೆಲ್ಲ ಸ್ಕಿಪ್ ಆಗಿ ಕಾಣ್ತಿರಬಹುದು. ಯಾವುದಾದರೂ ಟೂಲ್ ಆಟೋಮೇಕ್ ಅನ್ನೋ ಬಿಲ್ಡ್ ಟೂಲ್‌ನ ಪದ್ಧತಿಯದ್ದಾಗಿದ್ದರೆ ಅದರ ಸ್ಕಿಪ್ 77. ಒಂದೊಂದು ಸೂಟ್‌ಗೂ ಬೇರೆ ಬೇರೆ ಟೇಬಲ್ ಇಡಲೇಬೇಕು.

ಎಲ್‌ಟಿಪಿಯ ಒಂದು ಗುಣ ನನಗೆ ತುಂಬಾ ಇಷ್ಟ. ಬೇಕಾದ್ದನ್ನು ಟೆಸ್ಟ್‌ನ ತಲೆಯಲ್ಲೇ ಹೇಳಿಬಿಡ್ತೀವಿ. ರೂಟ್ ಬೇಕು, ಈ ಕಮಾಂಡ್‌ಗಳು ಬೇಕು, ಈ ಕಾನ್ಫಿಗ್ ಬೇಕು, ಕರ್ನಲ್ ಕನಿಷ್ಠ ಇಷ್ಟು ಹೊಸದಿರಬೇಕು ಅಂತ. ಪರೀಕ್ಷೆ ಮಾಡೋದು, ಕಾರಣ ಬರೆಯೋದು, ಹೊರಗೆ ಬರೋದು ಎಲ್ಲ ಲೈಬ್ರರಿ ನೋಡಿಕೊಳ್ಳುತ್ತೆ. ಪ್ರತಿಯೊಬ್ಬರೂ ಇಫ್ ಬರೆದು ಪ್ರತಿಯೊಬ್ಬರೂ ಬೇರೆ ಬೇರೆ ತಪ್ಪು ಮಾಡೋದು ತಪ್ಪುತ್ತೆ. ನೀವು ನಿಮ್ಮ ಸ್ಕ್ರಿಪ್ಟ್‌ಗಳಿಗೂ ಇಂಥ ಒಂದು ಚಿಕ್ಕ ಫೈಲ್ ಬರೆದುಕೊಳ್ಳಿ.

ಶೆಲ್‌ಸ್ನೇಹಿ · ಬುಧವಾರ, ಮಧ್ಯಾಹ್ನ 2:50

ಇನ್ನೊಂದನ್ನು ಮರೆಯೋ ಹಾಗಿಲ್ಲ, ಸ್ಕಿಪ್ ಕೂಡ ಆಗದ ಟೆಸ್ಟ್‌ಗಳು. ಕೆಸೆಲ್ಫ್‌ಟೆಸ್ಟ್ ಬಿಲ್ಡ್ ಮಾಡುವಾಗ ಯಾವುದೋ ಲೈಬ್ರರಿಯ ಹೆಡರ್ ಇಲ್ಲದೆ ಒಂದು ಡೈರೆಕ್ಟರಿ ಕಂಪೈಲ್ ಆಗದಿದ್ದರೂ ಉಳಿದದ್ದು ಮುಂದುವರಿಯುತ್ತದೆ. ಆ ಟೆಸ್ಟ್‌ಗಳು ಬೋರ್ಡ್‌ಗೆ ಹೋಗೋದೇ ಇಲ್ಲ, ವರದಿಯಲ್ಲಿ ಹೆಸರೂ ಬರಲ್ಲ. ಫೋರ್ಸ್ ಟಾರ್ಗೆಟ್ಸ್‌ಗೆ 1 ಕೊಟ್ಟು ಬಿಲ್ಡ್ ಮಾಡಿದರೆ ಯಾವುದೇ ಒಂದು ಸೋತರೂ ಬಿಲ್ಡ್ ನಿಲ್ಲುತ್ತದೆ. ಅದನ್ನು ಹಾಕಿ. ಒಟ್ಟು ಎಷ್ಟು ಟೆಸ್ಟ್ ಬಂತು ಅನ್ನೋದನ್ನೂ ನಿನ್ನೆಯ ಲೆಕ್ಕದ ಜೊತೆ ಹೋಲಿಸಿ.

ತುಂಗಾತೀರ · ಶುಕ್ರವಾರ, ಸಂಜೆ 6:20

ಎಲ್ಲರಿಗೂ ಮನಸಾರೆ ಧನ್ಯವಾದ. ಈ ವಾರ ಮಾಡಿದ್ದನ್ನು ಬರೆಯುತ್ತೇನೆ.

ರ‍್ಯಾಪರ್‌ನಲ್ಲಿ ಕೆಸೆಲ್ಫ್‌ಟೆಸ್ಟ್‌ಗೆ ಒಂದು ಟೇಬಲ್, ಎಲ್‌ಟಿಪಿಗೆ ಒಂದು ಟೇಬಲ್ ಮಾಡಿದೆ. ಎಲ್‌ಟಿಪಿ_ಒಲವು ಅವರು ಊಹಿಸಿದ್ದು ನಿಜ, ಎರಡು ವಾರ್ನಿಂಗ್‌ಗಳು ಸ್ಕಿಪ್ ಅಂತ ಕೂತಿದ್ದವು. ಟೀ ತೆಗೆದು ಲಾಗ್ ಅನ್ನು ನೇರ ಫೈಲ್‌ಗೆ ಹಾಕಿದೆ. ಬೇಕಾದ್ದನ್ನು ಪರೀಕ್ಷಿಸುವ ಚಿಕ್ಕ ಶೆಲ್ ಫೈಲ್ ಬರೆದೆ. ರೂಟ್, ಕಮಾಂಡ್, ಮಾಡ್ಯೂಲ್, ಕಾನ್ಫಿಗ್, ಹೀಗೆ ನಾಲ್ಕೇ ಫಂಕ್ಷನ್. ಕಾರಣ ಕೊಡದೆ ಕರೆದರೆ ಅದೇ ಫೇಲ್ ಆಗುತ್ತೆ. ಜಾಲಗಾರ ಅವರು ಹೇಳಿದ ಪಟ್ಟಿಯನ್ನೂ ಗಿಟ್‌ಗೆ ಹಾಕಿದ್ದೇನೆ.

ಗುರುವಾರ ಬೆಳಿಗ್ಗೆ ಬಂದು ನೋಡಿದರೆ ಅರ್ಧ ಪರದೆ ಕೆಂಪು. ನಮ್ಮ ಮ್ಯಾನೇಜರ್ ಗಾಬರಿಯಾದರು. ಒಂದೊಂದೇ ಲಾಗ್ ಬಿಚ್ಚಿ ಕಾರಣದ ಸಾಲು ತೋರಿಸಿದೆ. ಜೆಕ್ಯೂ ಇಲ್ಲ, ಈ ಕಾನ್ಫಿಗ್ ಇಲ್ಲ, ರೂಟ್ ಅಲ್ಲ. ಓದಿ ಮುಗಿಸೋ ಹೊತ್ತಿಗೆ ಅವರೇ ಟೆಸ್ಟ್ ಯೂಸರ್‌ಗೆ ಬೇಕಾದ ಅನುಮತಿ ಕೊಡಿಸಲು ಮೇಲ್ ಬರೆದಿದ್ದರು. ಸಂಜೆಯೊಳಗೆ ಜೆಕ್ಯೂ ಬಂತು, ಕಾನ್ಫಿಗ್ ಮರ್ಜ್ ಆಯ್ತು. ಈಗ ಉಳಿದ ಸ್ಕಿಪ್‌ಗಳೆಲ್ಲ ಈ ಬೋರ್ಡ್‌ನಲ್ಲಿ ನಿಜಕ್ಕೂ ಇಲ್ಲದ ಹಾರ್ಡ್‌ವೇರ್‌ಗೆ ಸೇರಿದವು.

ಹಾಟ್‌ಪ್ಲಗ್ ಟೆಸ್ಟ್ ನಿನ್ನೆ ರಾತ್ರಿ ಐದು ವಾರದ ನಂತರ ನಿಜವಾಗಿ ಓಡಿತು. ಸಿಪಿಯು 1 ಹೋಗಿ ಬಂತು. ಸಿಪಿಯು 2 ಹೋಗಿ ಬಂತು. ಸಿಪಿಯು 3 ಆಫ್‌ಲೈನ್ ಹೋಯ್ತು, ಆನ್‌ಲೈನ್ ಫೈಲ್‌ಗೆ 1 ಬರೆದರೆ ಎರರ್, ವಾಪಸ್ ಬರಲಿಲ್ಲ. ಸಸ್ಪೆಂಡ್ ಆದ ಬೋರ್ಡ್ ಏಳದಿರೋದಕ್ಕೂ ಇದಕ್ಕೂ ಸಂಬಂಧ ಇದ್ದೇ ಇರಬೇಕು. ಫರ್ಮ್‌ವೇರ್ ಕಡೆಯ ಪಿಎಸ್‌ಸಿಐ ಕರೆ (ಸಿಪಿಯು ಆನ್, ಆಫ್ ಮಾಡು ಅಂತ ಕರ್ನಲ್ ಕೇಳೋದು) ಏನು ಉತ್ತರ ಕೊಡ್ತಿದೆ ಅಂತ ಈಗ ನೋಡ್ತಿದ್ದೇನೆ.

ಹಳೇಬೇರು · ಶುಕ್ರವಾರ, ಸಂಜೆ 7:01

ತುಂಬಾ ಸಂತೋಷ ಆಯ್ತು ಮೇಡಂ. ಡಿಮೆಸೆಜ್ (ಕರ್ನಲ್ ಬರೆಯುವ ಲಾಗ್) ಪೂರ್ತಿ ತೆಗೆದಿಡಿ, ಸಿಪಿಯು 3ಕ್ಕೆ 1 ಬರೆಯುವ ಮುಂಚಿನ ಸಾಲುಗಳೂ ಇರಲಿ. ಹೊಸ ಎಳೆ ತೆರೆಯಿರಿ, ಅಲ್ಲಿ ಕೂತು ನೋಡೋಣ. ಆ ಚಿಕ್ಕ ಶೆಲ್ ಫೈಲ್ ಹಂಚಿಕೊಳ್ಳಲು ನಿಮ್ಮಲ್ಲಿ ಒಪ್ಪಿಗೆ ಸಿಕ್ಕರೆ ಅದನ್ನೂ ಹಾಕಿ, ಕಲಿಕೆ_ನಿರಂತರ ಅಂಥವರಿಗೆ ಕೆಲಸಕ್ಕೆ ಬರುತ್ತೆ.

ಕಲಿಕೆ_ನಿರಂತರ · ಶುಕ್ರವಾರ, ರಾತ್ರಿ 10:33

ಸರ್, ಸ್ಟ್ಯಾಟಿಕ್ ಕೀಸ್ ಸ್ಕ್ರಿಪ್ಟ್ ಓದಿದೆ. ಓದಿದ ಮೇಲೆ ಬೇರೆ ಡೈರೆಕ್ಟರಿಗಳಲ್ಲೂ ಹುಡುಕಿದೆ. ಒಂದು ಕಡೆ ಮಾಡ್‌ಪ್ರೋಬ್ ಸೋತ ತಕ್ಷಣ ಸ್ಕಿಪ್ ಮಾಡೋ ಸ್ಕ್ರಿಪ್ಟ್ ಸಿಕ್ಕಿದೆ, ಕಾರಣದಲ್ಲಿ ಮಾಡ್ಯೂಲ್ ಹೆಸರೂ ಇಲ್ಲ. ಇದನ್ನೇ ನನ್ನ ಮೊದಲ ಪ್ಯಾಚ್ ಮಾಡಬಹುದಾ? ಕಳಿಸುವ ಮುಂಚೆ ಇಲ್ಲಿ ಒಮ್ಮೆ ತೋರಿಸ್ತೀನಿ.